ಊಟ ಆಯ್ತಾ? ಅಖ್ಬಾರ್ ಏನು? — ಮಸ್ಕತ್ತಿನಿಂದ ಒಂದು ಮರ್ಯಾದೆಯ ಪಾಠ

ಇಂಜಿನಿಯರಿಂಗ್ ಓದಿದವರಿಗೆ ಕಂಪ್ಯೂಟರ್ ನೆಟ್‌ವರ್ಕ್ ಪಾಠದ 'ಹ್ಯಾಂಡ್‌ಶೇಕ್' ನೆನಪಿರುತ್ತೆ. ಎರಡು ಯಂತ್ರಗಳು ಮಾಹಿತಿ ಕಳಿಸೋಕೆ ಮುಂಚೆ ಮೂರು ಸಣ್ಣ ಸಂದೇಶ ದಾಟಿಸಿಕೊಳ್ಳುತ್ತವೆ. ಇದ್ದೀಯಾ? ಇದ್ದೀನಿ, ನೀನು ಇದ್ದೀಯಾ? ಹೂಂ, ಇದ್ದೀನಿ. ಈ ಮೂರರಲ್ಲಿ ವಿಷಯ ಅಂತ ಏನೂ ಇರೋದಿಲ್ಲ. ಆದರೆ ಇವು ಸರಿಯಾಗಿ ಆಗದಿದ್ದರೆ ಮುಂದೆ ಏನೂ ದಾಟುವುದಿಲ್ಲ. ಪರೀಕ್ಷೆಗೆ ಬಾಯಿಪಾಠ ಮಾಡಿದ್ದ ಈ ಪಾಠ ನಮಗೆ ನಿಜವಾಗಿ ಅರ್ಥವಾದದ್ದು ಒಮಾನಿಗೆ ಬಂದು, ಇಲ್ಲಿನ ಜನ ಒಬ್ಬರನ್ನೊಬ್ಬರು ಮಾತನಾಡಿಸುವುದನ್ನು ನೋಡಿದ ಮೇಲೆ.

ನಮ್ಮ ಕಡೆಯದನ್ನು ಮೊದಲು ನೋಡೋಣ. ಕನ್ನಡದವರು ಸಿಕ್ಕಾಗ ಕೇಳುವ ಮೊದಲ ಪ್ರಶ್ನೆ ಹೊಟ್ಟೆಯದು. ಬೆಳಗ್ಗೆ ಹತ್ತು ಗಂಟೆಗೆ 'ತಿಂಡಿ ಆಯ್ತಾ', ಮಧ್ಯಾಹ್ನ 'ಊಟ ಆಯ್ತಾ', ಸಂಜೆ 'ಕಾಫಿ ಆಯ್ತಾ'. ಧಾರವಾಡ, ಕಲಬುರಗಿ ಕಡೆ 'ಊಟ ಆತೇನ್ರಿ', ಮಂಗಳೂರಲ್ಲಿ 'ಊಟ ಆಯ್ತಾ ಮಾರಾಯ್ರೆ'. ಕೇಳುವವರಿಗೆ ನಾವು ಏನು ತಿಂದೆವು ಅನ್ನೋದು ಬೇಕಾಗಿಲ್ಲ, 'ಹೂಂ ಆಯ್ತು, ನಿಮ್ಮದು?' ಅಂದರೆ ಸಾಕು. ಇದನ್ನೇ ಇಂಗ್ಲಿಷಿಗೆ ಹಾಗೆ ಹಾಗೇ ತಿರುಗಿಸಿ ಹೊರದೇಶದವರಿಗೆ ಕೇಳಿದರೆ ಫಜೀತಿ. ನಮ್ಮ ಲ್ಯಾಬಿನ ಒಬ್ಬ ಒಮಾನಿ ಸಹಪಾಠಿ, ನಾವು ಅವನನ್ನು ಊಟಕ್ಕೆ ಕರೀತಿದ್ದೇವೆ ಅಂದುಕೊಂಡು ಕೈ ತೊಳೆದುಕೊಂಡೇ ಬಂದುಬಿಟ್ಟ. ಬಂದವನನ್ನು ವಾಪಸ್ ಕಳಿಸೋಕಾಗುತ್ತಾ? ಅವತ್ತಿನ ಚಿತ್ರಾನ್ನ ಮೂರು ಪಾಲಾಗುವ ಬದಲು ನಾಲ್ಕಾಯಿತು.

ಒಮಾನಿಗಳ ಕುಶಲಪ್ರಶ್ನೆ ನಮ್ಮದಕ್ಕಿಂತ ಉದ್ದ. 'ಸಲಾಮ್ ಅಲೈಕುಂ' ಆದ ಮೇಲೆ 'ಕೈಫ್ ಹಾಲಕ್', ಅಂದರೆ ಹೇಗಿದ್ದೀಯ. ಆಮೇಲೆ ಆರೋಗ್ಯ, ಆಮೇಲೆ ಮನೆಮಂದಿ, ಆಮೇಲೆ 'ಅಖ್ಬಾರ್' ಅಥವಾ 'ಉಲೂಮ್' ಏನು ಅನ್ನುವ ಪ್ರಶ್ನೆ. ಅಖ್ಬಾರ್ ಅಂದರೆ ಸುದ್ದಿಗಳು. ಹಿಂದಿ-ಉರ್ದುವಿನಲ್ಲಿ ಪೇಪರಿಗೆ ಹೇಳ್ತಾರಲ್ಲ, ಅದೇ ಪದ. ಹಿರಿಯರು ಇಬ್ಬರು ಸಿಕ್ಕರೆ ಇದೇ ಪ್ರಶ್ನೆಗಳು ಆ ಕಡೆಯಿಂದ ಒಂದು ಸುತ್ತು, ಈ ಕಡೆಯಿಂದ ಒಂದು ಸುತ್ತು ಬರುತ್ತವೆ. ನಾವು ಕೌಂಟರಿನಲ್ಲಿ ಫಾರಂ ಹಿಡಿದು ನಿಂತಾಗ ಇದು ಎಷ್ಟು ಹೊತ್ತು ನಡೆಯುತ್ತಪ್ಪಾ ಅನ್ನಿಸೋದೂ ಉಂಟು!

ಇದರಲ್ಲಿ ಒಂದು ಸೂಕ್ಷ್ಮ ಇದೆ. ಗಂಡಸರು ಮನೆಮಂದಿಯನ್ನು ವಿಚಾರಿಸುತ್ತಾರೆ, ಆದರೆ ಹೆಂಡತಿಯನ್ನು ಬೇರೆ ಮಾಡಿ, ಹೆಸರು ಹಿಡಿದು ವಿಚಾರಿಸುವುದಿಲ್ಲ. 'ಮನೆಯವರೆಲ್ಲ ಹೇಗಿದ್ದಾರೆ' ಅನ್ನೋದರಲ್ಲೇ ಎಲ್ಲ ಬಂತು. ಇದನ್ನು ಕೇಳಿ ನಮ್ಮಲ್ಲಿ ಕೆಲವರು, ಎಂಥ ಹಳೇ ಕಾಲದ ಜನ ಅಂತ ನಕ್ಕಿದ್ದರು. ಸ್ವಲ್ಪ ಯೋಚಿಸಿ. ನಮ್ಮ ಅಜ್ಜ 'ಮನೆಯವರು ಊರಿಗೆ ಹೋಗಿದ್ದಾರೆ' ಅಂದಾಗ ಊರಿಗೆ ಹೋದದ್ದು ಯಾರು? ಅಜ್ಜಿ ಒಬ್ಬರೇ. ಅಜ್ಜಿಯೂ ಅಷ್ಟೇ, ಗಂಡನ ಹೆಸರು ಹೇಳಬೇಕಾಗಿ ಬಂದರೆ 'ನಮ್ಮನೆಯವರು' ಅಂತಲೇ ದಾಟಿಸಿಬಿಡುತ್ತಾರೆ. ನಮ್ಮ ಮನೆಯಲ್ಲೇ ಇರುವ ಪದ್ಧತಿ ಪಕ್ಕದವರಲ್ಲಿ ಕಂಡಾಗ ವಿಚಿತ್ರ ಅನ್ನಿಸಿಬಿಡುತ್ತೆ.

ಈಗ ಮುಖ್ಯ ವಿಷಯ. 'ಅಖ್ಬಾರ್ ಏನು' ಅಂತ ಕೇಳಿದಾಗ ಮೊದಲು ಕೊಡಬೇಕಾದ ಉತ್ತರ ಒಂದೇ: ಸುದ್ದಿ ಒಳ್ಳೆಯದೇ, ದೇವರ ದಯೆ. ನಿಜವಾದ ಸುದ್ದಿ ಕೆಟ್ಟದಿದ್ದರೂ ಅಷ್ಟೇ. 1940ರ ದಶಕದಲ್ಲಿ ಇಲ್ಲಿನ ಮರಳುಗಾಡು ದಾಟಿದ ಬ್ರಿಟಿಷ್ ಪ್ರವಾಸಿ ವಿಲ್ಫ್ರೆಡ್ ಥೆಸಿಗರ್ 1959ರ 'ಅರೇಬಿಯನ್ ಸ್ಯಾಂಡ್ಸ್' ಪುಸ್ತಕದಲ್ಲಿ ಬೆದುಯಿನ್ ಜನರ ಈ ಪದ್ಧತಿಯನ್ನು ಬರೆದಿದ್ದಾನೆ. ಮೊದಲು ಶುಭವಾದ ಉತ್ತರ, ಆಮೇಲೆ ಕೂತು ಕಾಫಿ ಕುಡಿಯುತ್ತಾ ನಿಜವಾದ ಸುದ್ದಿ: ಯಾರು ಸತ್ತರು, ಎಲ್ಲಿ ಮಳೆಯಾಯಿತು, ಯಾರ ಒಂಟೆ ಹೋಯಿತು.

ನಮ್ಮಲ್ಲೂ ಇದಿತ್ತು. ಹಳೇ ಕಾಗದಗಳನ್ನು ಮನೆಯ ಟ್ರಂಕಿನಲ್ಲಿ ಯಾರಾದರೂ ನೋಡಿದ್ದರೆ ಗೊತ್ತಿರುತ್ತೆ. 'ಈ ಕಡೆ ನಾವೆಲ್ಲ ಕ್ಷೇಮ, ನಿಮ್ಮ ಕ್ಷೇಮಕ್ಕೆ ಆಗಾಗ ಬರೆಯುತ್ತಿರಿ' ಅಂತ ಮೊದಲ ಸಾಲು, ನಾಲ್ಕನೇ ಸಾಲಿನಲ್ಲಿ 'ಅಪ್ಪನಿಗೆ ಹುಷಾರಿಲ್ಲ, ಕೂಡಲೇ ಹೊರಟು ಬಾ'. ಕ್ಷೇಮ ಅಂತ ಬರೆದು ಆಮೇಲೆ ಹುಷಾರಿಲ್ಲ ಅಂತ ಬರೆದರೆ ಅದು ಸುಳ್ಳಲ್ಲ. ಮೊದಲ ಸಾಲು ಬಾಗಿಲು ತೆಗೆಯೋಕೆ, ನಾಲ್ಕನೇ ಸಾಲು ಒಳಗೆ ಬರೋಕೆ. ಫೋನ್ ಬಂದ ಮೇಲೆ ನಮಗೆ ಬಾಗಿಲು ತೆಗೆಯುವ ಸಾಲು ಮಾತ್ರ ಉಳಿದಿದೆ. 'ಊಟ ಆಯ್ತಾ? ಆಯ್ತು. ಕ್ಲಾಸ್ ಹೇಗಿದೆ? ಚೆನ್ನಾಗಿದೆ. ಸರಿ ಇಡ್ತೀನಿ.' ವಾರಕ್ಕೆ ಏಳು ದಿನ ವೀಡಿಯೋ ಕಾಲ್ ಮಾಡಿದರೂ ನಾಲ್ಕನೇ ಸಾಲಿಗೆ ನಾವು ಹೋಗುವುದೇ ಇಲ್ಲ.

ಇದನ್ನು ಸುಮ್ಮನೆ ಹೇಳುತ್ತಿಲ್ಲ. ನಮ್ಮ ಹಾಸ್ಟೆಲಿನಲ್ಲಿ ಕಲಬುರಗಿ ಕಡೆಯ ಒಬ್ಬ ಗೆಳೆಯ ಇದ್ದಾನೆ, ಹೆಸರು ಬೇಡ, ಬರೆಯೋಕೆ ಅವನೇ ಒಪ್ಪಿಗೆ ಕೊಟ್ಟಿದ್ದಾನೆ. ಅವನು ಬಂದ ಮೊದಲ ಸೆಮಿಸ್ಟರಿನಲ್ಲಿ ಊರಿಂದ ಬರಬೇಕಾದ ದುಡ್ಡು ಮೂರು ವಾರ ಬರಲಿಲ್ಲ. ಅಲ್ಲಿ ತೊಗರಿ ಬೆಳೆ ಕೈಕೊಟ್ಟಿತ್ತು. ಅವನು ದಿನಕ್ಕೆ ಒಂದು ಪ್ಯಾಕೆಟ್ ಖುಬ್ಸ್ ಮತ್ತು ಮಜ್ಜಿಗೆಯಲ್ಲಿ ಕಾಲ ಹಾಕಿದ. ಖುಬ್ಸ್ ಅಂದರೆ ಇಲ್ಲಿನ ರೊಟ್ಟಿ, ತೀರಾ ಅಗ್ಗ. ದಿನಾ ರಾತ್ರಿ ಅವನ ಅವ್ವ ಫೋನಿನಲ್ಲಿ 'ಊಟ ಆತೇನಪಾ' ಅಂತ ಕೇಳುತ್ತಿದ್ದರು. ಇವನು 'ಆತವ್ವ' ಅನ್ನುತ್ತಿದ್ದ. ಇವನೂ 'ನಿಂದು?' ಅಂತ ಕೇಳುತ್ತಿದ್ದ, ಅವರೂ 'ಆತು' ಅನ್ನುತ್ತಿದ್ದರು. ಆ ಕಡೆಯೂ ಅದೇ ಕಥೆ ಇದ್ದಿರಬಹುದು ಅಂತ ಅವನಿಗೆ ಈಗ ಅನ್ನಿಸುತ್ತೆ.

ಅವನನ್ನು ಹಿಡಿದವರು ಲ್ಯಾಬ್ ಟೆಕ್ನಿಷಿಯನ್, ನಿಜ್ವಾ ಕಡೆಯ ಐವತ್ತರ ಹತ್ತಿರದ ಮನುಷ್ಯ. ಎಂದಿನಂತೆ ಅಖ್ಬಾರ್ ಕೇಳಿದರು, ಇವನು ಎಂದಿನಂತೆ ಒಳ್ಳೆಯದೇ ಅಂದ. ಅವರು ಎದ್ದು ಹೋಗಲಿಲ್ಲ. ಖರ್ಜೂರದ ಡಬ್ಬಿ ಮುಂದಿಟ್ಟು, ಕಹ್ವಾ ಸುರಿದು, ಇವನು ಏಳು ಖರ್ಜೂರ ತಿನ್ನುವುದನ್ನು ನೋಡಿ, 'ಸರಿ, ಈಗ ಸುದ್ದಿ ಹೇಳು' ಅಂದರು. ಮುಂದಿನ ಶುಕ್ರವಾರ ಅವನನ್ನೂ ನಮ್ಮನ್ನೂ ಮನೆಗೆ ಕರೆದುಕೊಂಡು ಹೋದರು. ಇಲ್ಲಿ 2013ರ ಮೇ ತಿಂಗಳಿಂದ ವಾರದ ರಜೆ ಶುಕ್ರವಾರ-ಶನಿವಾರ. ಶುಕ್ರವಾರದ ಪ್ರಾರ್ಥನೆ ಮುಗಿದ ಮೇಲೆ ಮನೆಮಂದಿಯೆಲ್ಲ ಸೇರುವ ಊಟ. ಎಲ್ಲರೂ ನೆಲದ ಮೇಲೆ ಒಂದೇ ದೊಡ್ಡ ತಟ್ಟೆಯ ಸುತ್ತ. ಗೆಳೆಯ ಮಾಂಸ ಮೀನು ತಿನ್ನುವವನಲ್ಲ. ಅದನ್ನು ಮೊದಲೇ ಕೇಳಿ ತಿಳಿದುಕೊಂಡು ಅವನಿಗೆ ದಾಲ್, ಅನ್ನ ಬೇರೆ ಮಾಡಿಸಿದ್ದರು. ಬೇರೆ ತಟ್ಟೆ, ಆದರೆ ಅದೇ ಸುಪ್ರದ ಮೇಲೆ, ಅವರ ಪಕ್ಕದಲ್ಲೇ. ಸುಪ್ರ ಅಂದರೆ ಊಟಕ್ಕೆ ಹಾಸುವ ಹಾಸು.

ಕಹ್ವಾ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು, ಯಾಕೆಂದರೆ ಗಲ್ಫಿಗೆ ಬರುವ ಹೊಸಬರು ಮೊದಲು ತಡವರಿಸುವುದು ಇಲ್ಲೇ. 2015ರಲ್ಲಿ ಯುನೆಸ್ಕೋ ಅರಬ್ ಕಾಫಿಯನ್ನು ಮಾನವಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿದಾಗ ಅದು ಒಮಾನ್, ಸೌದಿ, ಯುಎಇ, ಕತಾರ್ ನಾಲ್ಕೂ ದೇಶಗಳ ಹೆಸರಿನಲ್ಲಿತ್ತು. ಮೊದಲು ಖರ್ಜೂರ ಅಥವಾ ಒಮಾನಿ ಹಲ್ವಾ ಬರುತ್ತೆ. ಕಹ್ವಾಕ್ಕೆ ಸಕ್ಕರೆ ಇಲ್ಲ, ಏಲಕ್ಕಿ ಇರುತ್ತೆ. ಸಿಹಿ ಅಂದರೆ ಆ ಖರ್ಜೂರವೇ. ಸುರಿಯುವವರು ಎಡಗೈಯಲ್ಲಿ ದಲ್ಲಾ ಹಿಡಿದು ಬಲಗೈಯಿಂದ ಕಪ್ ಕೊಡುತ್ತಾರೆ, ನಾವು ಬಲಗೈಯಲ್ಲೇ ತೆಗೆದುಕೊಳ್ಳಬೇಕು. ದಲ್ಲಾ ಅಂದರೆ ಕೊಕ್ಕಿನ ಹೂಜಿ. ಕಪ್ಪಿಗೆ ಫಿಂಜಾನ್ ಅಂತಾರೆ, ಹಿಡಿ ಇರೋದಿಲ್ಲ. ತುಂಬಾ ಹಾಕುವುದಿಲ್ಲ, ತಳದಲ್ಲಿ ಒಂದಿಷ್ಟು. ನಮ್ಮಲ್ಲಿ ಲೋಟ ತುಂಬಿ ಡವರಾಕ್ಕೆ ಚೆಲ್ಲಿದರೆ ಧಾರಾಳ, ಅರ್ಧ ಲೋಟ ಕೊಟ್ಟರೆ ಜಿಪುಣ. ಇಲ್ಲಿ ತುಂಬಿ ಕೊಟ್ಟರೆ ಬೇಗ ಕುಡಿದು ಹೊರಡು ಅಂದ ಹಾಗೆ. ಸ್ವಲ್ಪ ಹಾಕಿದರೆ ಮತ್ತೆ ಮತ್ತೆ ಸುರಿಯಬಹುದು, ಅಷ್ಟು ಹೊತ್ತು ಅತಿಥಿ ಕೂತಿರುತ್ತಾನೆ. (ಬೈ-ಟು ಕಾಫಿ ಕಂಡುಹಿಡಿದ ಬೆಂಗಳೂರಿಗರಿಗೆ ಇದು ಅರ್ಥವಾಗಬೇಕು.)

ಸಾಕು ಅನ್ನೋದಕ್ಕೆ ಬಾಯಿ ಬಳಸುವುದಿಲ್ಲ. ಖಾಲಿ ಫಿಂಜಾನನ್ನು ಎರಡು ಬೆರಳಲ್ಲಿ ಹಿಡಿದು ಆ ಕಡೆ ಈ ಕಡೆ ಅಲ್ಲಾಡಿಸಿ ಕೊಟ್ಟರೆ ಮುಗೀತು. ಅಲ್ಲಾಡಿಸದೆ ಸುಮ್ಮನೆ ಚಾಚಿದರೆ ಮತ್ತೆ ಬೀಳುತ್ತೆ. ನಮ್ಮ ಕಡೆ 'ಬೇಡ' ಅನ್ನುವುದರ ವ್ಯಾಕರಣ ಬೇರೆ. ಮೊದಲ ಬೇಡ ಸಂಕೋಚಕ್ಕೆ, ಎರಡನೇ ಬೇಡ ಮರ್ಯಾದೆಗೆ, ಮೂರನೇ ಬೇಡ ಮಾತ್ರ ನಿಜಕ್ಕೆ. ಬಡಿಸುವ ಅತ್ತೆಗೆ ಅದು ಗೊತ್ತಿರುವುದರಿಂದ ಎಲೆಗೆ ಅಡ್ಡ ಕೈ ಹಿಡಿದರೂ ಬೆರಳ ಸಂದಿಯಿಂದ ಪಾಯಸ ಬೀಳುತ್ತೆ. ಈ ಅಭ್ಯಾಸದಲ್ಲಿ ಒಮಾನಿ ಮನೆಯಲ್ಲಿ ಮೊದಲ ಕಪ್ಪನ್ನೇ ಬೇಡ ಅಂದರೆ ಅವರಿಗೆ ಬೇಸರವಾಗುತ್ತೆ. ಜರ್ಮನಿಯಲ್ಲಿ ಓದುವ ನಮ್ಮ ಸೀನಿಯರ್ ಒಬ್ಬರದು ಇದಕ್ಕೆ ಉಲ್ಟಾ. ಸಂಕೋಚಕ್ಕೆ ಒಂದು ಸಲ ಬೇಡ ಅಂದರು, ತಟ್ಟೆ ಒಳಗೆ ಹೋಯಿತು, ಮತ್ತೆ ಬರಲೇ ಇಲ್ಲ. ಈ ಪುಸ್ತಿಕೆ ಓದುತ್ತಿರುವ ನೀವು ಯಾವ ದೇಶದಲ್ಲೇ ಇರಿ, ಮೊದಲ ತಿಂಗಳಲ್ಲಿ ಕಲಿಯಬೇಕಾದದ್ದು ಆ ಊರಿನಲ್ಲಿ ಎಷ್ಟನೇ ಬೇಡ ನಿಜದ ಬೇಡ ಅನ್ನೋದನ್ನು.

ಹೊರಡುವ ವಿಧಾನವೂ ಹೀಗೇ. ಗಲ್ಫಿನ ಮನೆಗಳಲ್ಲಿ ಕೊನೆಗೆ ಬುಖೂರ್ ಬರುತ್ತೆ. ಧೂಪದ ಹೊಗೆಯನ್ನು ಬಟ್ಟೆಗೆ ಹಿಡಿದುಕೊಂಡ ಮೇಲೆ ಮತ್ತೆ ಕೂರುವಂತಿಲ್ಲ. ಒಮಾನಿನ ದೋಫಾರ್ ಸಾಂಬ್ರಾಣಿಗೆ ಸಾವಿರಾರು ವರ್ಷಗಳಿಂದ ಹೆಸರುವಾಸಿ. ಅದಕ್ಕೆ ಇಲ್ಲಿ ಲುಬಾನ್ ಅನ್ನುತ್ತಾರೆ, ನಮ್ಮ 'ಲೋಬಾನ' ಅದೇ ಮಾತು. ನಮ್ಮಲ್ಲಿ ಆ ಕೆಲಸ ಅರಿಸಿನ-ಕುಂಕುಮದ್ದು, ಎಲೆ-ಅಡಿಕೆಯದು. 'ಕುಂಕುಮ ತಗೊಂಡು ಹೋಗಿ' ಅಂದರೆ ಉಪಚಾರವೂ ಹೌದು, ಬೀಳ್ಕೊಡುಗೆಯೂ ಹೌದು. ಯಾರಿಗೂ ಬೇಜಾರಾಗದ ಹಾಗೆ ಭೇಟಿಯನ್ನು ಮುಗಿಸುವುದು ಸಣ್ಣ ಕಲೆಯಲ್ಲ. ಝೂಮ್ ಮೀಟಿಂಗಿನಲ್ಲಿ ಎಲ್ಲರೂ ಕೈ ಬೀಸುತ್ತಾ ಬಟನ್ ಹುಡುಕುವುದನ್ನು ನೋಡಿದವರಿಗೆ ಇದು ಗೊತ್ತು.

ಇಷ್ಟು ಹೊತ್ತು ಚಂದದ್ದನ್ನೇ ಹೇಳಿದೆವು. ಆದರೆ ಮರ್ಯಾದೆಯ ಪಾಠದಲ್ಲಿ ಕೇಳಲೇಬೇಕಾದ ಇನ್ನೊಂದು ಪ್ರಶ್ನೆ ಇದೆ: ಈ ಮರ್ಯಾದೆ ಯಾರಿಗೆ ಸಲ್ಲುತ್ತಿತ್ತು, ಯಾರಿಗೆ ಇಲ್ಲ?

ಮಲೆನಾಡು, ಕರಾವಳಿ, ಕಾಸರಗೋಡಿನ ಮನೆಗಳಲ್ಲಿ ಬಂದವರಿಗೆ ಮೊದಲು ಬೆಲ್ಲ-ನೀರು ಕೊಡುವ ಪದ್ಧತಿ ಬಗ್ಗೆ ನಾವೆಲ್ಲ ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. ಖರ್ಜೂರ-ಕಹ್ವಾಕ್ಕೆ ನಮ್ಮ ಉತ್ತರ ಅದು. ಬೇಸಿಗೆಯಲ್ಲಿ ದಾರಿಹೋಕರಿಗೆ ನೀರು, ಮಜ್ಜಿಗೆ ಕೊಡುವ ಅರವಟ್ಟಿಗೆಯೂ ಅಷ್ಟೇ, ಹಳೆಯ ಶಾಸನಗಳಲ್ಲೂ ಆ ಮಾತು ಸಿಗುತ್ತೆ. ಆದರೆ ಬೆಲ್ಲ-ನೀರಿನ ಲೋಟ ಜಗಲಿಯವರೆಗೆ ಬಂದವರಿಗೆ ಮಾತ್ರ ಸಿಗುತ್ತಿತ್ತು. ಅಂಗಳದಲ್ಲೇ ನಿಲ್ಲಬೇಕಾದವರಿಗೆ ನೀರನ್ನು ಮೇಲಿನಿಂದ ಬೊಗಸೆಗೆ ಸುರಿಯುತ್ತಿದ್ದರು. ಹಳ್ಳಿಯ ಚಹಾದಂಗಡಿಯಲ್ಲಿ ಬೇರೆ ಲೋಟ ಇರುತ್ತಿದ್ದದ್ದನ್ನು ನಮ್ಮಲ್ಲಿ ಕೆಲವರ ಅಪ್ಪಂದಿರು ಕಣ್ಣಾರೆ ನೋಡಿದ್ದಾರೆ, ಕೆಲವರ ಅಪ್ಪಂದಿರು ಅದರಲ್ಲೇ ಕುಡಿದಿದ್ದಾರೆ. 1927ರಲ್ಲಿ ಡಾ. ಅಂಬೇಡ್ಕರ್ ಮಹಾಡ್‌ನ ಕೆರೆಗೆ ಇಳಿದು ನೀರು ಕುಡಿದದ್ದು ಒಂದು ಹೋರಾಟ ಅಂತ ಇತಿಹಾಸದಲ್ಲಿ ಸೇರಬೇಕಾಯಿತು ಅಂದರೆ, ನೀರು ಕೊಡುವ ನಮ್ಮ ಸಂಸ್ಕೃತಿಯ ಇನ್ನೊಂದು ಮುಖ ಎಂಥದ್ದು ನೋಡಿ. 'ಯಾವೂರು, ಯಾರ ಮನೆ, ಮನೆದೇವರು ಯಾವುದು' ಅನ್ನುವ ಪ್ರೀತಿಯ ವಿಚಾರಣೆ ಕೂಡ ಎಷ್ಟೋ ಸಲ ಜಾತಿ ಕೇಳುವ ಸುತ್ತುದಾರಿ. ಹೊರದೇಶದ ಹಾಸ್ಟೆಲಿಗೂ ಅದು ಸೂಟ್‌ಕೇಸಿನಲ್ಲಿ ಬಂದಿದೆ. ಮನೆಗೆ ಬಂದವರನ್ನು ಕುಶಲ ಕೇಳಿ ಕೂರಿಸದ ಜನರನ್ನು ಬಸವಣ್ಣನವರು 12ನೇ ಶತಮಾನದಲ್ಲೇ ಒಂದು ವಚನದಲ್ಲಿ ತರಾಟೆಗೆ ತೆಗೆದುಕೊಂಡಿದ್ದಾರೆ. ಶಾಲೆಯಲ್ಲಿ ಅದನ್ನು ಓದಿದಾಗ ಅತಿಥಿ ಸತ್ಕಾರದ ಪಾಠ ಅಂತ ಅಂಕ ತೆಗೆದುಕೊಂಡೆವು. ಬಂದವರು ಅಂದರೆ ಯಾರು ಯಾರು ಅಂತ ಮೇಷ್ಟ್ರೂ ಕೇಳಲಿಲ್ಲ, ನಾವೂ ಕೇಳಲಿಲ್ಲ.

ಒಮಾನಿನಲ್ಲಿ ನಾವು ಕಂಡ ಎರಡು ನೀರಿನ ವ್ಯವಸ್ಥೆಗಳು ಇದಕ್ಕೇ ನೆನಪಾಗುತ್ತವೆ. ಒಂದು ಸಬೀಲ್. ಇಲ್ಲಿ ಎಷ್ಟೋ ಮನೆಯವರು ಕಾಂಪೌಂಡ್ ಗೋಡೆಯ ಹೊರಗೆ, ರಸ್ತೆ ಕಡೆಗೆ ಮುಖ ಮಾಡಿ, ತಣ್ಣೀರಿನ ಕೂಲರ್ ಇಟ್ಟಿರುತ್ತಾರೆ. ಕರೆಂಟ್ ಬಿಲ್ ಮನೆಯವರದು, ನೀರು ದಾರಿಹೋಕರದು. ಕುಡಿಯುವವರಲ್ಲಿ ಹೆಚ್ಚಿನವರು ಕಟ್ಟಡ ಕೆಲಸದವರು, ಡೆಲಿವರಿ ಹುಡುಗರು, ಅಂದರೆ ಬಹುಪಾಲು ನಮ್ಮ ದೇಶದವರು, ಪಾಕಿಸ್ತಾನದವರು, ಬಾಂಗ್ಲಾದವರು. ಕೊಡುವವರ ಮುಖ ಕುಡಿಯುವವರಿಗೆ ಕಾಣುವುದಿಲ್ಲ, ಯಾವೂರು ಅಂತ ಕೇಳುವವರೂ ಇಲ್ಲ.

ಇನ್ನೊಂದು ಫಲಜ್. ಬೆಟ್ಟದ ಬುಡದ ಅಂತರ್ಜಲವನ್ನು ಪಂಪ್ ಇಲ್ಲದೆ, ಬರೀ ಇಳಿಜಾರಿನ ಲೆಕ್ಕದಿಂದ ಊರಿಗೆ ಹರಿಸುವ ಕಾಲುವೆ. ನಮ್ಮ ಬೀದರಿನಲ್ಲಿ 15ನೇ ಶತಮಾನದ ಬಹಮನಿ ಕಾಲದ ಕರೇಜ್ ಇದೆಯಲ್ಲ, ಅದರ ಬಂಧು. ಒಮಾನಿನ ಐದು ಫಲಜ್‌ಗಳು 2006ರಲ್ಲಿ ವಿಶ್ವ ಪರಂಪರೆಯ ಪಟ್ಟಿ ಸೇರಿದವು. ಅದರಲ್ಲಿ ಒಂದಾದ ಫಲಜ್ ಅಲ್ ಖತ್ಮೈನ್ ನಿಜ್ವಾ ಹತ್ತಿರದ ಬಿರ್ಕತ್ ಅಲ್ ಮೌಜ್‌ನಲ್ಲಿದೆ. ಅಲ್ಲಿ ನೀರು ಸರಿಸಮ ಮೂರು ಕಾಲುವೆಯಾಗಿ ಒಡೆಯುವ ಜಾಗವನ್ನು ನೋಡುತ್ತಾ ನಾವು ಇಂಜಿನಿಯರುಗಳು ಬಹಳ ಹೊತ್ತು ನಿಂತಿದ್ದೆವು. ಆದರೆ ಕಟ್ಟಡಕ್ಕಿಂತ ಕ್ರಮ ದೊಡ್ಡದು. ಫಲಜ್ ಊರಿನಲ್ಲಿ ಮೊದಲು ಬಯಲಿಗೆ ಬರುವ ಜಾಗ ಕುಡಿಯುವ ನೀರಿನದು, ಅಲ್ಲಿ ಯಾರು ಬೇಕಾದರೂ ಕುಡಿಯಬಹುದು. ಅದರ ಕೆಳಗೆ ಸ್ನಾನ, ತೊಳೆಯುವುದು. ತೋಟಗಳ ಪಾಲು ಶುರುವಾಗುವುದು ಆಮೇಲೆ, ಅದೂ ಗಂಟೆಯ ಲೆಕ್ಕದಲ್ಲಿ. ಆಸ್ತಿ ಇದ್ದವನ ಹಕ್ಕು ಬಾಯಾರಿದವನು ಕುಡಿದ ನಂತರದ್ದು.

ಹಾಗಂತ ಇದನ್ನು ಸ್ವರ್ಗ ಅಂತ ಬರೆಯಲು ನಾವು ಟೂರಿಸ್ಟ್ ಬ್ರೋಷರ್ ಅಲ್ಲ. ಗುಲಾಮಗಿರಿ ಇಲ್ಲಿ 1970ರವರೆಗೆ ಇತ್ತು. ಇಂದಿಗೂ ಬಿಸಿಲಲ್ಲಿ ಕೆಲಸ ಮಾಡುವವರ ಮತ್ತು ಎಸಿಯಲ್ಲಿ ಕೂರುವವರ ನಡುವೆ ಅಂತರ ಕಣ್ಣಿಗೆ ಹೊಡೆಯುವಷ್ಟಿದೆ. ಜೂನ್‌ನಿಂದ ಆಗಸ್ಟ್‌ವರೆಗೆ ಮಧ್ಯಾಹ್ನ 12:30ರಿಂದ 3:30ರವರೆಗೆ ಬಯಲಿನ ಕೆಲಸ ನಿಲ್ಲಿಸಬೇಕು ಅಂತ ಕಾನೂನೇ ಇದೆ. ಎಲ್ಲರೂ ತಾವಾಗಿಯೇ ನಿಲ್ಲಿಸುತ್ತಿದ್ದರೆ ಕಾನೂನು ಯಾಕೆ ಬೇಕಿತ್ತು? ಆದರೆ ಒಂದು ಅಭ್ಯಾಸವನ್ನು ಮಾತ್ರ ಇವರಿಂದ ಕಲಿಯಲೇಬೇಕು. ಒಮಾನಿಗಳು ಲಿಫ್ಟಿಗೆ, ಬ್ಯಾಂಕಿಗೆ, ಆಸ್ಪತ್ರೆಯ ಕೋಣೆಗೆ ಕಾಲಿಟ್ಟರೆ ಅಲ್ಲಿರುವ ಎಲ್ಲರಿಗೂ ಸೇರಿಸಿ ಸಲಾಮ್ ಹೇಳುತ್ತಾರೆ. ವಾಚ್‌ಮನ್ ಇದ್ದರೆ ಅವನಿಗೂ ಅದೇ ಸಲಾಮ್. ನಮ್ಮ ಮರ್ಯಾದೆ ಗೊತ್ತಿರುವವರಿಗೆ ತೀರಾ ಗಾಢ, ಗೊತ್ತಿಲ್ಲದವರಿಗೆ ಶೂನ್ಯ. ಪರಿಚಯದವರಾದರೆ ಅಣ್ಣ, ಅಕ್ಕ, ಮಾವ. ಕ್ಯಾಂಟೀನಿನಲ್ಲಿ ತಟ್ಟೆ ಎತ್ತುವವರಾದರೆ 'ಏಯ್'. ಕನ್ನಡಕ್ಕೆ 'ನೀವು' ಅನ್ನುವ ಚಂದದ ಪದ ಇದೆ, ಅದಕ್ಕೆ ಖರ್ಚೂ ಇಲ್ಲ.

ಈ ಸಲದ ರಾಜ್ಯೋತ್ಸವದ ಊಟಕ್ಕೆ ನಮ್ಮ ಸಂಘದಲ್ಲಿ ಎರಡು ತೀರ್ಮಾನ ಆಗಿದೆ. ಹಾಸ್ಟೆಲ್ ಅಡುಗೆಯವರು, ಕ್ಲೀನಿಂಗ್ ಕೆಲಸದವರು, ಸೆಕ್ಯುರಿಟಿಯವರು ಮೊದಲ ಪಂಕ್ತಿಯಲ್ಲಿ ನಮ್ಮ ಜೊತೆಗೇ ಕೂರುತ್ತಾರೆ. ಮತ್ತೆ ಹೊಸದಾಗಿ ಬಂದ ಪ್ರತಿ ವಿದ್ಯಾರ್ಥಿಗೆ ಒಬ್ಬ ಸೀನಿಯರ್ ಗುರುವಾರ ರಾತ್ರಿ ಫೋನ್ ಮಾಡಬೇಕು. 'ಊಟ ಆಯ್ತಾ' ಕೇಳಿ, 'ಆಯ್ತು' ಅನ್ನಿಸಿಕೊಂಡು, ಆಮೇಲೂ ಫೋನ್ ಇಡಬಾರದು. ಬಾಳೆಎಲೆ ರೂವಿಯ ಅಂಗಡಿಯಲ್ಲಿ ಸಿಗುತ್ತೆ. ಪೇಪರ್ ಕಪ್ ಬೇಡ, ಎಲ್ಲರಿಗೂ ಒಂದೇ ಥರದ ಸ್ಟೀಲ್ ಲೋಟ ಅಂತಲೂ ಒಪ್ಪಿಗೆಯಾಯಿತು. ನೂರಿಪ್ಪತ್ತು ಲೋಟ ತೊಳೆಯುವವರು ಯಾರು ಅನ್ನುವ ಚರ್ಚೆ ಮಾತ್ರ ಇದನ್ನು ಬರೆಯುವ ಹೊತ್ತಿಗೂ ಮುಗಿದಿಲ್ಲ.